ಯಾರೂ ಬೀಳದ ವಾರ್ಡು

ಊಟಕ್ಕೆ ಮೊದಲು ಆಗಬೇಕಿದ್ದ ಅವಳ ಭಾಷಣ ಊಟದ ನಂತರಕ್ಕೆ ಹೋಯಿತು. ಅವಳಿಗಿಂತ ಮುಂಚೆ ವೇದಿಕೆ ಹತ್ತಿದ್ದ ಸರ್ಜನ್ನರೊಬ್ಬರು ಕೈ ತೊಳೆಯುವುದರ ಮಹತ್ವ ಹೇಳಲು ಶುರುಮಾಡಿದವರು, ತಿರುಪು ಕೆಟ್ಟ ನಲ್ಲಿಯ ಹಾಗೆ ನಿಲ್ಲಲೇ ಇಲ್ಲ. ನಿರೂಪಕಿ ಚೀಟಿ ಕಳಿಸಿದಳು. ಅವರು ಅದನ್ನು ಓದದೆ ಜೇಬಿಗಿಳಿಸಿ ಮುಂದುವರಿಸಿದರು. ಕೊನೆಗೆ ಹಿಂದಿನ ಸಾಲುಗಳಲ್ಲಿ ಕುರ್ಚಿ ಎಳೆಯುವ ಸದ್ದು ಜಾಸ್ತಿಯಾಗಿ, ಹಸಿವೇ ಸಭೆಯನ್ನು ಮುಗಿಸಿತು.

"ಒಳ್ಳೇದೇ ಆಯ್ತು ಬಿಡಿ," ಎಂದರು ಪಕ್ಕದಲ್ಲಿ ಕೂತಿದ್ದ ಅವಳ ಆಸ್ಪತ್ರೆಯ ನಿರ್ದೇಶಕರು. "ಹೊಟ್ಟೆ ತುಂಬಿದ ಜನ ಚಪ್ಪಾಳೆ ಚೆನ್ನಾಗಿ ಹೊಡೀತಾರೆ."

"ನಿದ್ದೇನೂ ಚೆನ್ನಾಗೇ ಹೊಡೀತಾರೆ ಸರ್."

ನಿರ್ದೇಶಕರು ಗಟ್ಟಿಯಾಗಿ ನಕ್ಕರು. ಅಂದು ಅವರ ಖುಷಿಗೆ ಪಾರವಿರಲಿಲ್ಲ. ರೋಗಿಗಳ ಸುರಕ್ಷತೆಯ ಬಗ್ಗೆ ವರ್ಷಕ್ಕೊಮ್ಮೆ ನಡೆಯುವ ಈ ಸಮ್ಮೇಳನಕ್ಕೆ ದೊಡ್ಡ ದೊಡ್ಡ ಆಸ್ಪತ್ರೆಗಳು ಬಂದು ಒಂದರ ಬೆನ್ನು ಒಂದು ತಟ್ಟಿಕೊಂಡು ಹೋಗುವುದು ರೂಢಿ. ತಮ್ಮಂಥ ನಡುಗಾತ್ರದ ಆಸ್ಪತ್ರೆಯನ್ನು ಕರೆದು ವೇದಿಕೆ ಕೊಟ್ಟದ್ದು ಇದೇ ಮೊದಲು. ಸಂಜೆ ಕೊಡುವ ಪ್ರಶಸ್ತಿಯೂ ತಮ್ಮ ಕಡೆಗೇ ವಾಲುತ್ತಿದೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು.

ಇದಕ್ಕೆಲ್ಲ ಕಾರಣ ಅವಳೇ. ಬಹಳ ವರ್ಷ ನರ್ಸಾಗಿ, ಆಮೇಲೆ ಹೆಡ್ ನರ್ಸಾಗಿ ದುಡಿದು, ಈಗ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತಿದ್ದಳು. ಎದುರಿಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸೇಫ್ಟಿ ಮೇಡಂ ಎಂದು. ಬೆನ್ನ ಹಿಂದೆ ಜೋಪಾನ ಮೇಡಂ. ಫೋನಿಡುವಾಗಲೂ, ಲಿಫ್ಟಿನಿಂದ ಇಳಿಯುವಾಗಲೂ, ರಜೆ ಕೇಳಲು ಬಂದವರಿಗೆ ರಜೆ ಕೊಟ್ಟು ಕಳಿಸುವಾಗಲೂ "ಜೋಪಾನ" ಅನ್ನದೆ ಅವಳ ಮಾತು ಮುಗಿಯುತ್ತಿರಲಿಲ್ಲ.

ಆ ಮಾತು ಸುಮ್ಮನೆ ಅಂಟಿಕೊಂಡದ್ದಲ್ಲ. ಹಿಂದೆ ಅವಳು ನರ್ಸಾಗಿದ್ದಾಗ ವಯಸ್ಸಾದವರ ವಾರ್ಡಿನಲ್ಲಿ ಒಬ್ಬ ಮುದುಕಿ ಬೆಳಗಿನ ಹೊತ್ತು ಒಬ್ಬಳೇ ಬಚ್ಚಲಿಗೆ ಎದ್ದುಹೋಗಿ ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಬಂದದ್ದು ಸಕ್ಕರೆ ಕಾಯಿಲೆ ತೋರಿಸಲಿಕ್ಕೆ, ಹೋದದ್ದು ಹೆಣವಾಗಿ. ಅವಳ ಮಗ ಕಾರಿಡಾರಿನಲ್ಲಿ ನಿಂತು, ಕೂಗದೆ, ಬಹಳ ಮೆತ್ತಗೆ ಕೇಳಿದ್ದ: "ಬೀಳೋದಕ್ಕೆ ನಮ್ಮ ಮನೇಲೇ ಜಾಗ ಇತ್ತಲ್ಲ ಸಿಸ್ಟರ್, ಇಲ್ಲೀ ತನಕ ಯಾಕೆ ಕರ್ಕೊಂಡು ಬರ್ಬೇಕಿತ್ತು?" ಅವನು ಕೂಗಾಡಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ.

ಗುಣಮಟ್ಟ ವಿಭಾಗ ಕೈಗೆ ಬಂದ ಕೂಡಲೇ ಅವಳು ಆ ವಾರ್ಡಿನ ಬೆನ್ನು ಹತ್ತಿದಳು. ಬೀಳುವ ಅಪಾಯವಿದ್ದವರ ಮಣಿಕಟ್ಟಿಗೆ ಹಳದಿ ಪಟ್ಟಿ ಬಂತು. ಮಂಚದ ಪಕ್ಕದ ಕಂಬಿಗಳು ಸದಾ ಮೇಲೇ ಇರಬೇಕೆಂದಾಯಿತು. ಹಾಸಿಗೆಯ ಕೆಳಗೆ ಒಂದು ತೆಳುವಾದ ಹಾಸು. ರೋಗಿ ಎದ್ದು ಭಾರ ಸರಿದರೆ ಸಾಕು, ನರ್ಸುಗಳ ಮೇಜಿನ ಹತ್ತಿರ ಕಿರ್ರೆಂದು ಕೂಗುತ್ತಿತ್ತು. ವಾರ್ಡಿನ ಬಾಗಿಲಲ್ಲಿ ಒಂದು ಬೋರ್ಡು: ಈ ತಿಂಗಳು ಬಿದ್ದವರು. ಅದರ ಮುಂದಿನ ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು, ವರ್ಷವಾದರೂ ಅಲ್ಲೇ ನಿಂತಿತ್ತು.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಗಂಡನ ಫೋನು ಬಂತು. ಅವನ ಅಪ್ಪ, ಅಂದರೆ ಅವಳ ಮಾವ, ನ್ಯುಮೋನಿಯಾ ಆಗಿ ಅವಳ ಆಸ್ಪತ್ರೆಯ ಅದೇ ವಾರ್ಡಿನಲ್ಲಿದ್ದರು.

"ಡಿಸ್ಚಾರ್ಜ್ ಬರೆದ್ರು," ಎಂದ ಗಂಡ. "ಎದೆ ಪೂರ್ತಿ ಕ್ಲಿಯರ್ ಆಗಿದೆಯಂತೆ."

"ಅಬ್ಬ, ಸದ್ಯ! ಹಾಗಾದ್ರೆ ಸಂಜೆ ನಾನು ಬರೋ ಹೊತ್ತಿಗೆ ಮನೇಲಿರ್ತಾರೆ."

ಗಂಡ ದನಿ ತಗ್ಗಿಸಿದ. "ಮನೆಗೇನೋ ಬರ್ತಾರೆ..."

"ಯಾಕೆ? ಏನಾಯ್ತು?"

"ಅಪ್ಪಂಗೆ ನಿಂತ್ಕೊಳ್ಳೋಕೇ ಆಗ್ತಿಲ್ಲ ಕಣೇ."

"ತಲೆ ಸುತ್ತತ್ತಾ? ಬಿ.ಪಿ. ನೋಡಿದ್ರಾ?"

"ತಲೆ ಸುತ್ತೂ ಇಲ್ಲ, ಮಣ್ಣೂ ಇಲ್ಲ. ಕಾಲಲ್ಲಿ ಕಸುವೇ ಇಲ್ಲ. ಬಟ್ಟೆ ಹಾಕಿ ನಿಲ್ಸಿದ್ವಿ. ಪ್ಯಾಂಟೊಳಗೆ ಎರಡು ಕಡ್ಡಿ ಇಟ್ಟ ಹಾಗಿತ್ತು. ನಾನೊಂದು ಕಡೆ, ಸಿಸ್ಟರೊಂದು ಕಡೆ ಹಿಡ್ಕೊಂಡಿದ್ದಕ್ಕೆ ಸರಿಹೋಯ್ತು."

"ಡಾಕ್ಟ್ರು ಏನಂದ್ರು?"

"ವಯಸ್ಸು ಅಂದ್ರು. ಇಲ್ಲಿಗೆ ಬಂದಾಗ್ಲೂ ಇದೇ ವಯಸ್ಸೇ ಇತ್ತಲ್ವಾ? ಆಟೋದಿಂದ ಇಳಿದು ಮೆಟ್ಟಿಲು ಹತ್ಕೊಂಡು ಬಂದ್ರಲ್ಲ?"

ಹೌದು, ಹತ್ತಿಕೊಂಡೇ ಬಂದಿದ್ದರು. ಜ್ವರದಲ್ಲಿ ಏದುಸಿರು ಬಿಡುತ್ತಿದ್ದರೂ ಗಾಲಿ ಕುರ್ಚಿ ತಂದವನನ್ನು "ಅದರಲ್ಲಿ ನೀನೇ ಕೂತ್ಕೊಳ್ಳಪ್ಪ, ಸುಸ್ತಾಗಿದ್ದೀಯ" ಎಂದು ಸಾಗಹಾಕಿದ್ದರು. ಮಾವ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದವರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಯಲ್ಲಿ ಅವರು ಡ್ರಿಲ್ ಮೇಷ್ಟ್ರೇ. ಈಗ ಮೊಮ್ಮಕ್ಕಳನ್ನು ಕಂಡಿರುವ ಗಂಡಸರೂ ಅವರೆದುರು ಬಂದಾಗ ಗೊತ್ತಿಲ್ಲದೆ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು.

ವಾರ್ಡಿಗೆ ಸೇರಿದ ಮೊದಲ ದಿನವೇ ಅವರು ಹಾಸಿಗೆಯ ಕೆಳಗಿನ ಆ ಹಾಸನ್ನು ಕೋಳಿ ಎಂದು ಕರೆದರು. "ಎದ್ರೆ ಕೂಗತ್ತೆ, ಕೂತ್ರೆ ಕೂಗತ್ತೆ. ಮೊಟ್ಟೆ ಮಾತ್ರ ಇಡಲ್ಲ," ಎಂದು ಪಕ್ಕದ ಮಂಚದವರನ್ನು ನಗಿಸುತ್ತಿದ್ದರು. ಮರುಕ್ಷಣವೇ ಎದೆಯುಬ್ಬಿಸಿ, "ಇದು ನಮ್ಮ ಸೊಸೆ ಸಾಕಿರೋ ಕೋಳಿ ಕಣ್ರೀ!" ಎನ್ನುತ್ತಿದ್ದರು. ಅವಳು ದಿನವೂ ಕೆಲಸದ ನಡುವೆ ಒಂದು ಗಳಿಗೆ ಬಂದು ಇಣುಕುತ್ತಿದ್ದಳು. "ಹೇಗಿದ್ದೀರಿ ಮಾವ?" "ಫಸ್ಟ್ ಕ್ಲಾಸ್." ಹೊದಿಕೆ ಎದೆಯವರೆಗೆ ಎಳೆದುಕೊಂಡು, ಕಂಬಿಗಳ ನಡುವೆ ನೆಟ್ಟಗೆ ಮಲಗಿರುತ್ತಿದ್ದರು. ಸಮ್ಮೇಳನದ ಸ್ಲೈಡುಗಳು ತಲೆ ತುಂಬಿದ್ದ ಅವಳಿಗೆ ಅದನ್ನು ನೋಡಿ ಸಮಾಧಾನವೇ ಆಗುತ್ತಿತ್ತು. ಮಲಗಿದವರಿಗೆ ಬೀಳುವ ಭಯವಿಲ್ಲ.

"ಫೋನು ಮಾವಂಗೆ ಕೊಡಿ," ಎಂದಳು.

"ಏನಮ್ಮಾ, ಆಯ್ತಾ ಭಾಷಣ?" ಮಾವನ ದನಿ ಮಾತ್ರ ಕವಾಯತಿನ ಮೈದಾನದಲ್ಲೇ ಇತ್ತು.

"ಇನ್ನೂ ಇಲ್ಲ ಮಾವ. ಊಟ ಆದ್ಮೇಲೆ."

"ಬೆನ್ನು ನೆಟ್ಟಗಿಟ್ಕೊಂಡು ನಿಂತ್ಕೋ. ಮೈಕಿಗೆ ಬಗ್ಗಬೇಡ, ಮೈಕೇ ನಿನ್ನ ಹತ್ರ ಬರ್ಲಿ."

"ಮಾವ, ನೀವು ಅಲ್ಲಿ ಓಡಾಡ್ಲೇ ಇಲ್ವಾ? ಜ್ವರ ಬಿಟ್ಟ ಮೇಲೂ?"

"ಓಡಾಡೋದೆಲ್ಲಿ ಬಂತು! ಮೊದಲು ಒಂದ್ಸಲ ಎದ್ದೆ. ಕೋಳಿ ಕೂಗ್ತು. ಆ ಸಿಸ್ಟರು, ಪಾಪ, ಬಾಯಲ್ಲಿ ತುತ್ತಿಟ್ಕೊಂಡೇ ಓಡಿಬಂದ್ಳು. ಆಮೇಲೆ ನಾನೇ ಯೋಚ್ನೆ ಮಾಡ್ದೆ. ಬಾಗಿಲಲ್ಲಿ ಸೊನ್ನೆ ಹಾಕಿದ್ದಾರೆ. ನನ್ನ ಸೊಸೆ ಕಷ್ಟಪಟ್ಟು ತಂದಿರೋ ಸೊನ್ನೆ. ಸಮ್ಮೇಳನ ಬೇರೆ ಹತ್ರ ಬಂತು. ಈಗ ನಾನೇ ಹೋಗಿ ಕಾಲು ಜಾರಿಸ್ಕೊಂಡು ಅದನ್ನ ಒಂದು ಮಾಡಿದ್ರೆ ಮನೆಯೋನೇ ಮನೆಗೆ ಕನ್ನ ಹಾಕಿದ ಹಾಗಾಗಲ್ವಾ? ಅಲ್ಲಾಡಬಾರ್ದು ಅಂತ ತೀರ್ಮಾನ ಮಾಡ್ದೆ." ಸ್ವಲ್ಪ ಕೆಮ್ಮಿ, ಗಂಟಲು ಸರಿಮಾಡಿಕೊಂಡರು. "ಬಿದ್ದಿಲ್ಲ ಕಣಮ್ಮ. ಒಂದೇ ಒಂದ್ಸಲಾನೂ ಬಿದ್ದಿಲ್ಲ. ನೀನು ಧೈರ್ಯವಾಗಿ ಹೇಳು."

ಅವಳು ಹೂಂ ಎಂದಳು. ಫೋನಿಟ್ಟ ಮೇಲೂ ಸಾಲು ಅವಳನ್ನು ಮುಂದಕ್ಕೆ ತಳ್ಳುತ್ತಲೇ ಇತ್ತು. ಬಡಿಸುವವನು ತಟ್ಟೆಗೆ ಏನೇನೋ ಹಾಕಿದ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವಳು ನೀರು ಮಾತ್ರ ಕುಡಿದಳು.

ಭಾಷಣವನ್ನು ಅವಳು ಒಂದಕ್ಷರ ಬಿಡದೆ ಒಪ್ಪಿಸಿದಳು. ಎಷ್ಟೋ ಸಲ ಅಭ್ಯಾಸ ಮಾಡಿದ್ದರಿಂದ ನಾಲಿಗೆಗೆ ದಾರಿ ಗೊತ್ತಿತ್ತು; ಅವಳು ಅದರ ಹಿಂದೆ ಹೋದಳು, ಅಷ್ಟೆ. ಪರದೆಯ ಮೇಲೆ ನೀಲಿ ಕಂಬಗಳು ಒಂದಕ್ಕಿಂತ ಒಂದು ಕುಳ್ಳಗಾಗುತ್ತಾ ಬಂದು ಕೊನೆಯಲ್ಲಿ ನೆಲಕ್ಕೆ ಸೇರಿದವು. ಆಮೇಲೆ ನಿರ್ದೇಶಕರು ಹಟ ಹಿಡಿದು ಸೇರಿಸಿದ್ದ ಸ್ಲೈಡು ಬಂತು. ಇಡೀ ಪರದೆಗೆ ಒಂದೇ ಸೊನ್ನೆ. ಅವಳು ಅದರ ಮುಂದೆ ನಿಂತಾಗ ಅವಳ ತಲೆ ಸರಿಯಾಗಿ ಆ ಸೊನ್ನೆಯ ನಡುವೆ ಬಂತು. ಚಪ್ಪಾಳೆ ಬಿತ್ತು. ನಿರ್ದೇಶಕರು ಹೇಳಿದ್ದು ನಿಜ. ಊಟ ಮಾಡಿದವರ ಚಪ್ಪಾಳೆಗೆ ಬೇರೆಯೇ ಕಸುವು.

ಪ್ರಶ್ನೆಗಳಿಗೆ ಸಮಯವಿತ್ತು. ಮಧ್ಯದ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಯಾವುದೋ ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿ. ಕನ್ನಡಕ ಮೂಗಿನ ತುದಿಯಲ್ಲಿತ್ತು, ಕೈಯಲ್ಲಿ ಪೆನ್ನು ಸಿದ್ಧವಾಗಿತ್ತು.

"ತುಂಬಾ ಉಪಯೋಗ ಆಯ್ತು ಮೇಡಂ. ನಮ್ಮಲ್ಲಿ ವಯಸ್ಸಾದೋರೇ ಜಾಸ್ತಿ, ಬೀಳೋದೂ ಜಾಸ್ತಿ. ನೀವು ಹೇಳಿದ್ರಲ್ಲ ಆ ಕೂಗೋ ಹಾಸು, ಅದು ಎಲ್ಲಿ ಸಿಗತ್ತೆ? ನಾವು ಒಂದು ಹಾಸಿಗೇನೂ ಬಿಡದ ಹಾಗೆ ಎಲ್ಲದಕ್ಕೂ ಹಾಕಿಸ್ಬೇಕು ಅಂತಿದ್ದೀವಿ."

ಎಲ್ಲಿ ಸಿಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಆ ಹೆಂಗಸಿನ ಪೆನ್ನು ಕಾಗದಕ್ಕೆ ತಾಗಿತು.

"ಹಾಕಿಸ್ಬೇಡಿ," ಎಂದಳು.

"ಏನಂದ್ರಿ?"

"ಹಾಕಿಸ್ಬೇಡಿ ಅಂದೆ. ಈಗಲೇ ಬೇಡ. ನಾನು ಹೇಳಿದ್ರಲ್ಲಿ ಒಂದು ಬಿಟ್ಟುಹೋಗಿದೆ." ಮುಂದಿನ ಸಾಲಿನಲ್ಲಿ ನಿರ್ದೇಶಕರ ಮುಖ ಮೇಲೆದ್ದಿತು. ಅವಳು ಅತ್ತ ನೋಡಲಿಲ್ಲ. "ಬೀಳದೇ ಇರೋಕೆ ಎರಡು ದಾರಿ. ಸರಿಯಾಗಿ ನಡೆಯೋದು ಒಂದು. ನಡೀದೇ ಇರೋದು ಇನ್ನೊಂದು. ನಾವು ಎಷ್ಟು ಜನ ಬಿದ್ರು ಅಂತ ಎಣಿಸಿದ್ವಿ. ಎಷ್ಟು ಜನ ನಡ್ಕೊಂಡು ಬಂದು ಗಾಲಿ ಕುರ್ಚೀಲಿ ತಳ್ಳಿಸ್ಕೊಂಡು ಹೋದ್ರು ಅಂತ ಎಣಿಸ್ಲಿಲ್ಲ. ಒಬ್ರಂತೂ ಇವತ್ತು ಹೋಗ್ತಿದ್ದಾರೆ. ಬಂದಾಗ ಮೆಟ್ಟಿಲು ಹತ್ಕೊಂಡು ಬಂದಿದ್ರು. ನಮ್ಮ ಬೋರ್ಡು ಕೆಡಬಾರ್ದು ಅಂತ ಮಂಚ ಬಿಟ್ಟು ಇಳೀಲಿಲ್ಲ. ಈಗ ಅವರಿಗೆ ನಿಲ್ಲೋಕಾಗ್ತಿಲ್ಲ." ಅವರು ತನ್ನ ಮಾವ ಎಂಬುದನ್ನು ಹೇಳಬೇಕೆಂದುಕೊಂಡಳು. ಹೇಳದೆ ಅಲ್ಲಿಗೇ ಬಿಟ್ಟಳು.

ಬೆಳಿಗ್ಗೆ ಕೈ ತೊಳೆಸಿದ್ದ ಸರ್ಜನ್ನರು ಮೈಕಿಗೂ ಕಾಯದೆ ಎದ್ದರು. "ಅಂದ್ರೆ ಬಿದ್ರೆ ಬೀಳ್ಲಿ ಅಂತ ಬಿಟ್ಬಿಡ್ಬೇಕೇನಮ್ಮ?"

ಕಾರಿಡಾರಿನಲ್ಲಿ ನಿಂತಿದ್ದ ಆ ಮಗನ ಮೆತ್ತನೆಯ ದನಿ ಅವಳಿಗೆ ನೆನಪಾಯಿತು. "ಇಲ್ಲ ಸರ್. ಬಿಡೋಕಾಗಲ್ಲ."

"ಕಟ್ಟಿ ಹಾಕ್ಬಾರ್ದು, ಬಿಡ್ಲೂಬಾರ್ದು. ಮತ್ತೇನು ಮಾಡೋದು?"

"ಗೊತ್ತಿಲ್ಲ ಸರ್."

ಎಲ್ಲೋ ಒಬ್ಬರು ಕಿಸಕ್ಕೆಂದರು. ಸರ್ಜನ್ನರು ಕೈಚೆಲ್ಲಿ ಕೂತರು. ಪೆನ್ನು ಹಿಡಿದ ಹೆಂಗಸು ಮಾತ್ರ ನಿಂತೇ ಇದ್ದಳು. ಬರೆದುಕೊಳ್ಳುವುದೋ ಬೇಡವೋ ತಿಳಿಯದವಳಂತೆ ಅವಳನ್ನೇ ನೋಡುತ್ತಿದ್ದಳು.

ಪ್ರಶಸ್ತಿ ಕೈ ತೊಳೆಯುವವರ ಪಾಲಾಯಿತು. ವಾಪಸು ಬರುವಾಗ ಕಾರಿನಲ್ಲಿ ನಿರ್ದೇಶಕರು ಕೊರಳಿನ ಸಮ್ಮೇಳನದ ಬಿಲ್ಲೆ ತೆಗೆದು ಜೇಬಿಗಿಳಿಸಿದರು.

"ನೀವು ಸುಳ್ಳು ಹೇಳಿದ್ರಿ ಅಂತ ನಾನನ್ನಲ್ಲ," ಎಂದರು. "ಆದ್ರೆ ಮನೇಲಿ ಹೇಳ್ಬೇಕಾದ್ದನ್ನ ಸಂತೇಲಿ ಹೇಳಿದ್ರಿ."

"ಆಯಮ್ಮ ಬರ್ಕೊಳ್ಳೋಕೆ ನಿಂತಿದ್ರು ಸರ್."

"ಬರ್ಕೊಳ್ಳಿ ಬಿಡಿ ಅನ್ನೋಕಾಗ್ತಿರ್ಲಿಲ್ವಾ?"

"ಆಗ್ಲಿಲ್ಲ."

ಅವರು ಕಿಟಕಿಯ ಕಡೆ ತಿರುಗಿದರು. ಒಂದೆರಡು ಸಿಗ್ನಲ್ ದಾಟಿದ ಮೇಲೆ, ಕಿಟಕಿಯನ್ನೇ ಕೇಳುವವರಂತೆ, "ನಡೆಸ್ಬೇಕು ಅಂದ್ರೆ ಜೊತೆಗೆ ಯಾರು ನಡೀತಾರೆ? ಇರೋ ನರ್ಸುಗಳು ಔಷಧಿ ಕೊಡೋಕೇ ಸಾಲ್ತಿಲ್ಲ," ಎಂದರು. ಅವರು ಬೈಯುವುದನ್ನು ಬಿಟ್ಟು ಪ್ರಶ್ನೆ ಕೇಳಿದ್ದು ಅವಳಿಗೆ ಸ್ವಲ್ಪ ಉಸಿರು ಕೊಟ್ಟಿತು.

ಮನೆಯಲ್ಲಿ ಮಾವ ದಿಂಬಿಗೆ ಒರಗಿ ಕಾಯುತ್ತಿದ್ದರು. ಕಾಲುಗಳ ಮೇಲೆ ಹೊದಿಕೆ ಎಳೆದುಕೊಂಡಿದ್ದರು. "ಎಲ್ಲಿ ಪ್ರಶಸ್ತಿ? ತೋರ್ಸು, ತೋರ್ಸು."

ಅವಳು ಮಂಚದ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅವರು ನಕ್ಕು ಹಗುರ ಮಾಡಿಬಿಡುತ್ತಾರೆ ಎಂದುಕೊಂಡಿದ್ದಳು. ಅವರು ನಗಲಿಲ್ಲ.

"ಎಲ್ಲರ ಮುಂದೇನೇ ಹೇಳ್ದೆಯಾ?"

"ಹೂಂ ಮಾವ."

"ನಂಗೆ ನಿಲ್ಲೋಕಾಗಲ್ಲ ಅಂತ?"

"ನಿಮ್ಮ ಹೆಸರು ಹೇಳ್ಲಿಲ್ಲ. ತಪ್ಪು ನಂದು ಮಾವ, ನಿಮ್ಮದಲ್ಲ."

"ಹಾಗಾದ್ರೆ ನಾನು ಅಷ್ಟು ದಿನ ಅಲ್ಲಿ ಬಿದ್ಕೊಂಡಿದ್ದು ಯಾತಕ್ಕೆ?" ಅವರ ದನಿ ಒಡೆಯಿತು. "ಬೀಳಬಾರ್ದು ಅಂತ ಬಿದ್ಕೊಂಡಿದ್ದೆ. ಅದೂ ದಂಡ ಅಂದ್ಬಿಟ್ಯಲ್ಲ." ಗೋಡೆಯ ಕಡೆ ಹೊರಳಿ ಮಲಗಿದರು. ಹೊರಳುವುದಕ್ಕೂ ಮಂಚದ ಅಂಚು ಹಿಡಿದು ತಮ್ಮನ್ನು ತಾವೇ ಎಳೆದುಕೊಳ್ಳಬೇಕಾಯಿತು. ಅವಳು ಕೈ ಚಾಚಿದಳು. ಚಾಚಿದ ಕೈ ಅವರಿಗೆ ಕಾಣಲಿಲ್ಲ.

ಆಮೇಲೆ ಅವರು ಅವಳೊಡನೆ ಮಾತು ಬಿಟ್ಟರು. ಮುನಿಸೇನೂ ತೋರಿಸಲಿಲ್ಲ. ಕೊಟ್ಟದ್ದನ್ನು ತಿಂದರು, ಕುಡಿದರು. ಏನಾದರೂ ಬೇಕಿದ್ದರೆ ಮಗನನ್ನು ಕರೆದರು. ಬೆಳಿಗ್ಗೆ ವ್ಯಾಯಾಮ ಮಾಡಿಸುವ ಹೆಣ್ಣುಮಗಳೊಬ್ಬಳು ಬಂದು ಮಂಚದ ಅಂಚಿನಲ್ಲಿ ಕೂರಿಸಿ ಕಾಲು ಮೇಲೆತ್ತಿಸುತ್ತಿದ್ದಳು. ಬಾಗಿಲ ಸಂದಿಯಿಂದ ಸೊಸೆಗೆ ಮಾವನ ದನಿ ಕೇಳುತ್ತಿತ್ತು. ಶಾಲೆಯ ಮಕ್ಕಳಿಗೆ ಹಾಕುತ್ತಿದ್ದ ಅದೇ ಆಜ್ಞೆಗಳನ್ನು ತಮ್ಮ ಕಾಲುಗಳಿಗೆ ಹಾಕುತ್ತಿದ್ದರು, ಕೇಳದಿದ್ದರೆ ಬೈಯುತ್ತಿದ್ದರು. ದಿನ ಹೋದ ಹಾಗೆ ಮಂಚದಿಂದ ಕುರ್ಚಿಗೆ ಬಂದರು. ಕುರ್ಚಿಯಿಂದ ಗೋಡೆ ಹಿಡಿದು ಬಾಗಿಲಿಗೆ. ಮೊದಲಿನ ನಡಿಗೆ ಮಾತ್ರ ತಿರುಗಿ ಬರುವ ಲಕ್ಷಣ ಕಾಣಲಿಲ್ಲ.

ಆಸ್ಪತ್ರೆಯಲ್ಲೂ ಕೆಲಸ ಹೀಗೇ ಗೋಡೆ ಹಿಡಿದು ಸಾಗಿತು. ಜ್ವರ ಬಿಟ್ಟವರನ್ನು ದಿನವೂ ಕಾರಿಡಾರಿನಲ್ಲಿ ನಡೆಸಬೇಕು, ಮನೆಯವರಿಗೆ ಹಿಡಿದುಕೊಳ್ಳುವ ಕ್ರಮ ಕಲಿಸಬೇಕು ಎಂದು ಅವಳು ಹೇಳಿದಾಗ ವಾರ್ಡಿನ ಸಿಸ್ಟರು ಮುಖ ಗಂಟಿಕ್ಕಿದಳು. "ನಿನ್ನೆ ತನಕ ಏಳಿಸಿದ್ರೆ ತಪ್ಪು ಅಂದ್ರಿ, ಇವತ್ತು ಮಲಗ್ಸಿದ್ರೆ ತಪ್ಪು. ನಾವೇನು ಮನುಷ್ಯರಾ ಬೊಂಬೆಗಳಾ ಮೇಡಂ?" ಆ ತಿಂಗಳು ಮುಗಿಯುವುದರೊಳಗೆ ಮುದುಕರೊಬ್ಬರು ಕಾರಿಡಾರಿನ ತಿರುವಿನಲ್ಲಿ ಬಿದ್ದರು. ಹಣೆಗೆ ಹೊಲಿಗೆ ಬಿತ್ತು. ಅವರ ಮಗಳ ಮುಂದೆ ನಿಂತು ಅವಳು ಬೈಸಿಕೊಂಡಳು. ಮಾರನೇ ದಿನ ಅವರ ಮಂಚದ ಹತ್ತಿರ ಹೋದಾಗ ಅವರು ಹೊಲಿಗೆಯನ್ನು ಮುಟ್ಟಿಕೊಳ್ಳುತ್ತಾ, "ಚಪ್ಪಲಿ ಸರಿ ಇಲ್ಲ ಇದು, ಬೇರೆ ಕೊಡಿ," ಎಂದು ಕಾಲು ಕೆಳಗಿಳಿಸಿದರು. ಸಿಸ್ಟರು ಗೊಣಗಿಕೊಂಡೇ ಬೇರೆ ಜೊತೆ ಹುಡುಕಲು ಹೋದಳು.

ಒಂದು ಭಾನುವಾರ ಮಧ್ಯಾಹ್ನ ಗಂಡ ಮನೆಯಲ್ಲಿರಲಿಲ್ಲ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಮಾವನ ಕೋಣೆಯಲ್ಲಿ ಕುರ್ಚಿ ಜರುಗಿದ ಸದ್ದು, ಅದರ ಹಿಂದೆಯೇ ಮೂಟೆ ಇಳಿಸಿದಂಥ ಸದ್ದು. ಬಟ್ಟೆ ಬಿಸಾಕಿ ಓಡಿದಳು.

ಮಾವ ಮಂಚಕ್ಕೂ ಕಿಟಕಿಗೂ ನಡುವೆ ಪಕ್ಕಕ್ಕೆ ಒರಗಿ ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ಅವಳು ಮೊಣಕಾಲೂರಿ ತಲೆ ಮುಟ್ಟಿ ನೋಡಿದಳು, ಮಣಿಕಟ್ಟು ತಿರುಗಿಸಿದಳು, ಸೊಂಟ ಒತ್ತಿದಳು, ಕಾಲುಗಳ ಉದ್ದ ಸಮವಿದೆಯೇ ಎಂದು ಎರಡೂ ಪಾದಗಳನ್ನು ಜೋಡಿಸಿ ಅಳೆದಳು. ಹಳೆಯ ನರ್ಸಿನ ಕೈಗಳು ತಾವಾಗಿ ಓಡಾಡಿದವು. ಎಲ್ಲ ನೆಟ್ಟಗಿತ್ತು.

"ನೋವಿದೆಯಾ ಮಾವ?"

ಅವರು ಅವಳನ್ನು ನೋಡಿದರು.

"ಸರಿಯಾಗೇ ಬಿದ್ದಿದ್ದೀನಿ," ಎಂದರು. ಎಷ್ಟೋ ದಿನಗಳ ಮೇಲೆ ಅವಳಿಗೆಂದೇ ಹೇಳಿದ ಮಾತು. "ಕೈ ಊರಲಿಲ್ಲ, ಪಕ್ಕಕ್ಕೆ ಉರುಳ್ದೆ. ಹೈಜಂಪ್ ಹುಡುಗರಿಗೆ ಮೊದಲನೇ ಪಾಠ ಅದೇ ಹೇಳ್ತಿದ್ದೆ. ಹಾರೋದು ಆಮೇಲೆ."

"ಎಲ್ಲಿಗೆ ಹೊರಟಿದ್ರಿ?"

"ಕಿಟಕಿ ತನಕ. ಬೀದೀಲಿ ಯಾರೋ ಕರೆದ ಹಾಗಾಯ್ತು."

ಅವಳು ಅವರನ್ನು ಮೆಲ್ಲಗೆ ಎಬ್ಬಿಸಿ ಕೂರಿಸಿದಳು. ಬೆನ್ನಿಗೆ ಮಂಚದ ಕಾಲು ಆಸರೆಯಾಯಿತು. ಎತ್ತಿ ನಿಲ್ಲಿಸಲು ಕಂಕುಳಿಗೆ ಕೈ ಹಾಕಿದಾಗ ಅವರು ಬೇಡವೆಂದು ತಲೆಯಾಡಿಸಿದರು. "ಇರು ಸ್ವಲ್ಪ. ಏನು ಅವಸರ?"

ಅವಳು ಅವರ ಪಕ್ಕದಲ್ಲೇ ಕೂತು ಮಂಚಕ್ಕೆ ಒರಗಿದಳು. ನೆಲ ತಣ್ಣಗಿತ್ತು. ಅಲ್ಲಿಂದ ಕಿಟಕಿಯಲ್ಲಿ ಬೀದಿ ಕಾಣುತ್ತಿರಲಿಲ್ಲ, ಎದುರು ಮನೆಯ ತಾರಸಿಯ ಅಂಚು ಮತ್ತು ಅದರ ಮೇಲಿನ ಆಕಾಶ ಮಾತ್ರ ಕಾಣುತ್ತಿತ್ತು. ಯಾರೋ ಒಣಹಾಕಿದ ಒಂದು ಬಿಳಿ ಹೊದಿಕೆ ಗಾಳಿಗೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು. ಇಬ್ಬರೂ ಅದನ್ನು ನೋಡುತ್ತಾ ಕೂತರು.